ಸಿಲಿಂಡರಿನ ಇಡುಗಂಟು

ಬೆಂಗಳೂರಿನ ಉತ್ತರಭಾಗದಲ್ಲಿ ಮನೆ ಮಾಡಿಕೊಂಡಿರುವವರ ಕಿವಿಗೆ ‘ಬೋರ್’ ಎಂಬ ಶಬ್ದ ಬಿದ್ದೊಡನೆ ಮನಸ್ಸು ಹರಿಯುವುದು ನೀರಿನ ಕಡೆಗೆ. ಸಾವಿರ ಅಡಿಗೂ ಕೆಳಗಿಳಿದಿರುವ ಕೊಳವೆಬಾವಿಗಳ ನಡುವೆ ಬಾಳುವೆ ನಡೆಸುವವರಿಗೆ ಅದು ಸಹಜವೇ ಸರಿ. ಮೊನ್ನೆ ನನ್ನ ತಂಗಿಯ ಮಗ ಯಲಹಂಕದಿಂದ ಆರ್.ಟಿ. ನಗರದ ನಮ್ಮ ಮನೆಗೆ ಬಂದವನು, ಕಾಫಿಯ ಲೋಟವನ್ನು ಕೆಳಗಿಡುತ್ತ, ‘ಮಾವ, ಬೋರ್ ಮಾಡಿಸಿಬಿಡೋಣ ಅಂತಿದೀನಿ, ಏನಂತೀರಿ?’ ಎಂದ. ಅಡುಗೆಮನೆಯಿಂದ ನನ್ನ ಹೆಂಡತಿ, ‘ಯಾಕೋ, ನಿಮ್ಮಲ್ಲೂ ನೀರು ನಿಂತ್ಹೋಯ್ತೇನೋ? ಎಷ್ಟು ಅಡಿ ಹೋಗಬೇಕಂತೆ?’ ಎಂದು ಕೂಗಿದಳು. ‘ಅಡಿ ಅಲ್ಲ ಅತ್ತೆ, ಒಂದೇ ಒಂದು ಮಿಲಿಮೀಟರ್’ ಎಂದು ಅವನು ಉತ್ತರಿಸಲು, ಅವಳು ಹೊರಗೆ ಬಂದು ನಮ್ಮಿಬ್ಬರ ಮುಖವನ್ನೂ ನೋಡಿ, ಇದು ತನಗೆ ಸಂಬಂಧಿಸಿದ ಮಾತಲ್ಲವೆಂದು ನಿಶ್ಚಯಿಸಿಕೊಂಡು ಒಳಗೆ ಹೋದಳು.

ಅವನ ಸಂಗತಿ ಇಷ್ಟು. ಅವನ ತಂದೆ ಬಹುಕಾಲ ಓಡಿಸಿ, ಆಮೇಲೆ ಹೊದಿಕೆ ಹೊದಿಸಿ ಷೆಡ್ಡಿನಲ್ಲಿ ನಿಲ್ಲಿಸಿದ್ದ ಮಾರುತಿ ಎಸ್ಟೀಮ್ ಕಾರು ಈಗ ಅವನ ಪಾಲಿಗೆ ಬಂದಿದೆ. ಅದಕ್ಕೊಂದು ಟರ್ಬೊ ಕೂರಿಸಿ, ವರ್ಷಕ್ಕೆ ಎರಡು ಮೂರು ಸಲ ಮದ್ರಾಸಿನ ಹತ್ತಿರದ ಇರುಂಗಾಟುಕೋಟೆಯ ಪಂದ್ಯಪಥದಲ್ಲಿ ಓಡಿಸಬೇಕೆಂಬುದು ಅವನ ಬಹುದಿನದ ಬಯಕೆ. ಎಂಜಿನ್ನನ್ನು ಬಿಚ್ಚಿ, ಬ್ಲಾಕನ್ನು ಯಶವಂತಪುರದ ಲೇತ್ ಅಂಗಡಿಯೊಂದರ ಬೆಂಚಿನ ಮೇಲೆ ಇಟ್ಟದ್ದೂ ಆಗಿದೆ. ಹೇಗೂ ಬಿಚ್ಚಿದ್ದಾಯಿತು, ಟರ್ಬೊ ಹೇಗೂ ಬರುತ್ತದೆ, ಪಿಸ್ಟನ್ನುಗಳನ್ನು ಹೇಗೂ ಬದಲಾಯಿಸಬೇಕು, ಹಾಗಿರುವಾಗ ಸಿಲಿಂಡರುಗಳನ್ನೂ ಒಂದು ಮಿಲಿಮೀಟರಿನಷ್ಟು ದೊಡ್ಡದು ಮಾಡಿಸಿದರೆ ತಪ್ಪೇನು ಎಂಬ ತರ್ಕ ಅವನ ಸ್ನೇಹಿತರ ಗೋಷ್ಠಿಯಲ್ಲಿ ಹುಟ್ಟಿ, ಸರ್ವಾನುಮತದಿಂದ ಅಂಗೀಕೃತವಾಗಿದೆ. ಈ ‘ಹೇಗೂ’ ಎಂಬ ಅವ್ಯಯವನ್ನು ನಾನು ಬಹಳ ವರ್ಷಗಳಿಂದ ಗಮನಿಸುತ್ತ ಬಂದಿದ್ದೇನೆ. ಮನೆ ಕಟ್ಟುವವನನ್ನೂ ಮದುವೆ ಮಾಡುವವನನ್ನೂ ಸಾಲಕ್ಕೆ ನೂಕುವುದು ಇದೇ. ಎಂಜಿನ್ ಬಿಚ್ಚಿದವನನ್ನು ಅದು ಬಿಟ್ಟೀತೆ?

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವೆನು. ಟರ್ಬೊ ಕೂರಿಸಲು ಸಂಕಲ್ಪಿಸಿದವನು ಸಿಲಿಂಡರನ್ನು ಕೊರೆಸಬೇಕಾದುದು ಅದು ಸವೆದು ತನ್ನ ವೃತ್ತಾಕಾರವನ್ನು ಕಳೆದುಕೊಂಡಿದ್ದರೆ, ಆ ಆಕಾರ ಮರಳಿ ಬರಲು ಬೇಕಾದಷ್ಟು ಮಾತ್ರ. ಗಾತ್ರದ ಆಸೆಗಾಗಿ ಒಂದು ಕೂದಲೆಳೆಯಷ್ಟನ್ನೂ ಕೊರೆಸಕೂಡದು. ಈ ಮಾತು ಪಂದ್ಯದ ಹುಚ್ಚು ಹಿಡಿದ ನಾಲ್ವರು ತರುಣರಿಗೆ ಮಾತ್ರ ಸಂಬಂಧಿಸಿದುದೆಂದು ಓದುಗರು ಭಾವಿಸಬಾರದು. ಯಶವಂತಪುರದಿಂದ ಪೀಣ್ಯದವರೆಗಿನ ಸಣ್ಣ ಸಣ್ಣ ಅಂಗಡಿಗಳಲ್ಲಿ ಹೊಗೆಯುಗುಳುವ ಟೆಂಪೋಗಳಿಂದ ಮೊದಲ್ಗೊಂಡು ಹಳೆಯ ಜೀಪುಗಳವರೆಗೆ ಎಷ್ಟೋ ವಾಹನಗಳ ಬ್ಲಾಕುಗಳು ಕೊರೆಯಲ್ಪಡುತ್ತಿವೆ. ಅವುಗಳಲ್ಲಿ ಎಷ್ಟಕ್ಕೆ ಅದು ನಿಜವಾಗಿಯೂ ಬೇಕಾಗಿತ್ತೆಂಬುದನ್ನು ಕೇಳುವವರೂ ವಿರಳ, ಹೇಳುವವರೂ ವಿರಳ.

ಲೆಕ್ಕ ಕಠಿನವಾದುದಲ್ಲ. ಎಸ್ಟೀಮಿನ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರುಗಳು. ಒಂದೊಂದರ ವ್ಯಾಸ 74 ಮಿಲಿಮೀಟರು, ಪಿಸ್ಟನ್ನು ಏರಿಳಿಯುವ ದೂರ 75.5 ಮಿಲಿಮೀಟರು, ಒಟ್ಟು ಗಾತ್ರ 1298 ಸಿ.ಸಿ. ವ್ಯಾಸವನ್ನು ಅರ್ಧ ಮಿಲಿಮೀಟರಿನಷ್ಟು ಹೆಚ್ಚಿಸಿದರೆ ಬರುವ ಲಾಭ ಹದಿನೇಳೂವರೆ ಸಿ.ಸಿ., ಎಂದರೆ ನೂರಕ್ಕೆ ಒಂದೂಕಾಲಕ್ಕಿಂತ ತುಸು ಹೆಚ್ಚು. ನಮ್ಮ ಹುಡುಗನ ಆಸೆಯಂತೆ ಪೂರ್ತಿ ಒಂದು ಮಿಲಿಮೀಟರು ಕೊರೆಸಿದರೂ ದೊರೆಯುವುದು ಮೂವತ್ತೈದು ಸಿ.ಸಿ. ನಮ್ಮ ಹೋಟೆಲುಗಳಲ್ಲಿ ಇಬ್ಬರು ಗೆಳೆಯರು ‘ವನ್ ಬೈ ಟೂ’ ಎಂದು ತರಿಸಿಕೊಳ್ಳುವ ಕಾಫಿಯಲ್ಲಿ ಒಬ್ಬನ ಪಾಲು ಇದಕ್ಕಿಂತ ಹೆಚ್ಚಿರುತ್ತದೆ. ಅದನ್ನೂ ನಾಲ್ಕು ಸಿಲಿಂಡರುಗಳಿಗೆ ಹಂಚಿದರೆ ಒಂದೊಂದಕ್ಕೆ ಎರಡು ಚಮಚವೂ ದಕ್ಕದು. ಟರ್ಬೊ ಮಾಡುವ ಕಾರ್ಯವಾದರೋ ಬೇರೆಯೇ ಜಾತಿಯದು. ಅದು ಕೋಣೆಯನ್ನು ಹಿಗ್ಗಿಸುವುದಿಲ್ಲ. ಇದ್ದ ಕೋಣೆಯೊಳಗೇ ಗಾಳಿಯನ್ನು ಒತ್ತಿ ತುಂಬುತ್ತದೆ. ಅರ್ಧ ಬಾರಿನಷ್ಟು ಬೂಸ್ಟು, ಎಂದರೆ ನಾವು ಉಸಿರಾಡುವ ಗಾಳಿಯ ಒತ್ತಡದ ಮೇಲೆ ಅದರ ಅರ್ಧಕ್ಕಿಂತ ತುಸು ಹೆಚ್ಚನ್ನು ಸೇರಿಸಿದರೆ, ಒತ್ತುವುದರಿಂದ ಗಾಳಿ ಕಾದು ಹಿಗ್ಗುವ ನಷ್ಟವನ್ನು ಕಳೆದ ಮೇಲೆಯೂ, ಆ ಗಾಳಿಯನ್ನು ತಣಿಸುವ ಒಳ್ಳೆಯ ಇಂಟರ್‌ಕೂಲರ್ ಇದ್ದ ಪಕ್ಷದಲ್ಲಿ, ಮೂರನೆಯ ಒಂದು ಪಾಲಿಗಿಂತ ಅಧಿಕವಾದ ಗಾಳಿ ಒಳಹೋಗುತ್ತದೆ. ಒಂದು ಕಡೆ ನೂರಕ್ಕೆ ಮೂವತ್ತು ನಲವತ್ತು, ಇನ್ನೊಂದು ಕಡೆ ನೂರಕ್ಕೆ ಮೂರೂ ಅಲ್ಲ. ಮೊದಲನೆಯದನ್ನು ಪಡೆದವನು ಎರಡನೆಯದಕ್ಕೆ ಬಾಯಿಬಿಡುವುದು, ಜಮೀನು ಮಾರಿದ ಹಣ ಕೈಯಲ್ಲಿರುವಾಗ ತರಕಾರಿಯವಳೊಡನೆ ಕೊಸರಿಗೆ ಜಗಳವಾಡಿದಂತೆ.

ನಾವಿರುವ ಎತ್ತರವನ್ನೂ ಇಲ್ಲಿ ನೆನೆಯಬೇಕು. ಹೆಬ್ಬಾಳ, ಜಕ್ಕೂರು, ಯಲಹಂಕಗಳು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ನೆಲ. ಇಲ್ಲಿಯ ವಾಯುಭಾರ ಮಂಗಳೂರಿನದಕ್ಕಿಂತ ಸುಮಾರು ಹತ್ತರಲ್ಲೊಂದು ಪಾಲು ಕಡಿಮೆ. ನಮ್ಮೂರಿನ ಪ್ರತಿಯೊಂದು ಸಾಧಾರಣ ಎಂಜಿನ್ನೂ ಹುಟ್ಟಿನಿಂದಲೇ ಹತ್ತರಲ್ಲೊಂದು ಉಸಿರನ್ನು ತೆರಿಗೆಯಾಗಿ ತೆತ್ತು ಓಡುತ್ತಿದೆ. ಒಂದು ಮಿಲಿಮೀಟರು ಕೊರೆಸಿದರೆ ಆ ತೆರಿಗೆಯ ಕಾಲುಭಾಗವನ್ನು ಮಾತ್ರ ವಾಪಸು ಪಡೆದಂತಾಗುವುದು. ಗಾಳಿಯನ್ನು ಒತ್ತಿ ತುಂಬುವ ವಾಯುಪೂರಣದ ವಿದ್ಯೆ ಬೆಳೆಯಲು ಈ ಎತ್ತರದ ದಾರಿದ್ರ್ಯವನ್ನು ನೀಗಬೇಕಾದುದೂ ಒಂದು ಕಾರಣ. ಹೊರಗೆ ಹೋಗುವ ಹೊಗೆಯ ಬಲದಿಂದಲೇ ಒಳಗೆ ಗಾಳಿ ತುಂಬುವ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಷಿ 1905ರಲ್ಲಿ ಪೇಟೆಂಟು ಪಡೆದನು. 1918ರಲ್ಲಿ ಅಮೆರಿಕದ ಸ್ಯಾನ್‌ಫೋರ್ಡ್ ಮಾಸ್ ಎಂಬ ಎಂಜಿನಿಯರನು ‘ಲಿಬರ್ಟಿ’ ವಿಮಾನ ಎಂಜಿನ್ನೊಂದನ್ನು 4300 ಮೀಟರು ಎತ್ತರದ ಪೈಕ್ಸ್ ಪೀಕ್ ಬೆಟ್ಟದ ತುದಿಗೆ ಹೊತ್ತೊಯ್ದು, ಅಲ್ಲಿ ಸೊರಗಿ ಹೋಗಿದ್ದ ಅದರ ಬಲವನ್ನು ಟರ್ಬೊ ಜೋಡಿಸಿ ಕಡಲಮಟ್ಟದ ಬಲಕ್ಕೆ ಮರಳಿಸಿ ತೋರಿಸಿದನು. ಸಿಲಿಂಡರನ್ನು ಅವನು ಕೊರೆಯಲಿಲ್ಲ. ಬೆಂಗಳೂರಿಗೂ ಈ ವಿದ್ಯೆ ಹೊಸದಲ್ಲ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದೊಡಗೂಡಿ ಆರಂಭಿಸಿದ ವಿಮಾನ ಕಾರ್ಖಾನೆ, ಯುದ್ಧದ ನಡುವೆ 1943ರಲ್ಲಿ ಅಮೆರಿಕದ ಸೇನೆಯ ಆಡಳಿತಕ್ಕೆ ಬಂದು, ವಿಮಾನಗಳನ್ನೂ ಅವುಗಳ ಎಂಜಿನ್ನುಗಳನ್ನೂ ದುರಸ್ತಿ ಮಾಡುವ ದೊಡ್ಡ ನೆಲೆಯಾಯಿತು. ಆ ಕಾಲದ ಡಕೋಟಾ ವಿಮಾನದ ಹದಿನಾಲ್ಕು ಸಿಲಿಂಡರುಗಳ ಪ್ರಾಟ್ ಅಂಡ್ ವಿಟ್ನಿ ಎಂಜಿನ್ನಿನ ಹೊಟ್ಟೆಯೊಳಗೇ ಹೊಗೆಯ ಬದಲು ಗಿಯರಿನಿಂದ ತಿರುಗಿ ಗಾಳಿ ತುಂಬುವ ಸೂಪರ್‌ಚಾರ್ಜರ್ ಇದ್ದಿತು. ವಿಮಾನದ ಎಂಜಿನ್ನನ್ನು ದುರಸ್ತಿ ಮಾಡುವವನು ಸಿಲಿಂಡರನ್ನು ಎಷ್ಟರಮಟ್ಟಿಗೆ ಮುಟ್ಟಬಹುದೆಂಬುದಕ್ಕೆ ಪುಸ್ತಕದಲ್ಲಿ ಅಂಕಿಗಳಿರುತ್ತವೆ. ಆ ಅಂಕಿಯನ್ನು ಮೀರಿದ ಸಿಲಿಂಡರು ತಿಪ್ಪೆಗೆ ಹೋಗುತ್ತದೆಯೇ ಹೊರತು ಆಕಾಶಕ್ಕಲ್ಲ.

ಕೊರೆಸಿದರೆ ಹೋಗುವುದಾದರೂ ಏನು ಎಂದು ಕೇಳಬಹುದು. ಹೋಗುವುದು ಗೋಡೆ. ಈ ಎಂಜಿನ್ನಿನ ಬ್ಲಾಕು ಅಲ್ಯುಮಿನಿಯಮಿನದು. ಅದರೊಳಗೆ ಎರಕದ ಕಬ್ಬಿಣದ ತೆಳುವಾದ ಕೊಳವೆಗಳು ಕೂತಿವೆ. ವ್ಯಾಸದಲ್ಲಿ ಒಂದು ಮಿಲಿಮೀಟರು ಹೆಚ್ಚಾಯಿತೆಂದರೆ ಸುತ್ತಲೂ ಅರ್ಧ ಅರ್ಧ ಮಿಲಿಮೀಟರಿನ ಕಬ್ಬಿಣ ಪುಡಿಯಾಗಿ ನೆಲಕ್ಕೆ ಬಿತ್ತು. ಅಕ್ಕಪಕ್ಕದ ಎರಡು ಸಿಲಿಂಡರುಗಳ ನಡುವಣ ಸೇತುವೆಯಂತಹ ಕಿರಿದಾದ ಜಾಗವಂತೂ ಎರಡು ಕಡೆಯಿಂದಲೂ ತಿನ್ನಲ್ಪಟ್ಟು ಪೂರ್ತಿ ಒಂದು ಮಿಲಿಮೀಟರು ಇಳಿಯಿತು. ಹೆಡ್ ಗ್ಯಾಸ್ಕೆಟ್ಟು ಬೆಂಕಿಯನ್ನು ತಡೆದು ನಿಲ್ಲಬೇಕಾದ ಸ್ಥಳ ಅದೇ. ಟರ್ಬೊ ಇಲ್ಲದ ಎಂಜಿನ್ನು ಈ ಕೃಶತೆಯನ್ನು ಹೇಗೋ ಸಹಿಸೀತು. ಟರ್ಬೊ ಕೂರಿಸಿದ ಮೇಲೆ ಒಳಗಿನ ಒತ್ತಡವೂ ಶಾಖವೂ ಏರುತ್ತವೆ. ತೆಳುವಾದ ಗೋಡೆ ಪ್ರತಿಯೊಂದು ಸ್ಫೋಟಕ್ಕೂ ಕಣ್ಣಿಗೆ ಕಾಣದಷ್ಟು ಉಬ್ಬಿ ತಗ್ಗುತ್ತದೆ, ದುಂಡಾಗಿರಬೇಕಾದ ಸಿಲಿಂಡರು ಸೊಟ್ಟಗಾಗುತ್ತದೆ, ಪಿಸ್ಟನ್ನಿನ ರಿಂಗು ಗೋಡೆಗೆ ಅಂಟಿಕೊಂಡಿರಲಾರದೆ ಬೆಂಕಿಯನ್ನು ಕೆಳಕ್ಕೆ ಬಿಡುತ್ತದೆ. ಯಾವ ಬಲಕ್ಕಾಗಿ ಕೊರೆಸಿದನೋ ಆ ಬಲ ಹೀಗೆ ಎಣ್ಣೆಯ ತೊಟ್ಟಿಯೊಳಕ್ಕೆ ಸೋರಿಹೋಗುವುದು. ಪೆಟ್ರೋಲಿನ ಹದ ತಪ್ಪಿ, ಅದು ತಾನಾಗಿಯೇ ಸಿಡಿದು ಎಂಜಿನ್ನು ‘ನಾಕ್’ ಮಾಡತೊಡಗಿತೆಂದರೆ ಗೋಡೆಯೇ ಬಿರಿದು ನೀರಿನ ದಾರಿಗೆ ತೆರೆದುಕೊಂಡರೂ ಆಶ್ಚರ್ಯವಿಲ್ಲ.

ನನ್ನ ತಂದೆಯವರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಬೈಕೊಂದಿತ್ತು. ಅದರ ಸಿಲಿಂಡರಿನ ಮೂಲ ವ್ಯಾಸ 65 ಮಿಲಿಮೀಟರು. ಅವರು ಮನೆಯ ಜಮಾಖರ್ಚಿನ ಪುಸ್ತಕದಲ್ಲಿಯೇ ಬೈಕಿನ ವಿಚಾರವನ್ನೂ ಬರೆದಿಡುತ್ತಿದ್ದರು. ಅಕ್ಕಿ, ಸೀಮೆಎಣ್ಣೆ, ನನ್ನ ಶಾಲೆಯ ಫೀಜುಗಳ ನಡುವೆ ‘ಬೋರ್ 0.25’ ಎಂದು ಒಂದು ಕಡೆ, ಕೆಲವು ವರ್ಷಗಳಾದ ಮೇಲೆ ‘ಬೋರ್ 0.50’ ಎಂದು ಇನ್ನೊಂದು ಕಡೆ ಕಾಣುತ್ತದೆ. ಎರಡನೆಯ ಸಲ ಲೇತಿನವನು ‘ಒಂದೇ ಏಟಿಗೆ ಪಾಯಿಂಟ್ ಎಪ್ಪತ್ತೈದಕ್ಕೆ ಹೋಗಿಬಿಡೋಣ, ಪಿಕಪ್ಪು ಬರುತ್ತೆ’ ಎಂದನಂತೆ. ಅವರು ಒಪ್ಪಲಿಲ್ಲ. ಕಾರಣವನ್ನು ಕೇಳಿದ ನನಗೆ ಅವರು, ‘ಇದು ಇಡುಗಂಟು ಕಣೋ, ಬೇಕಾದಾಗ ಬೇಕಾದಷ್ಟು ತೆಗೀಬೇಕು’ ಎಂದದ್ದು ಈಗಲೂ ಕಿವಿಯಲ್ಲಿದೆ. ಬ್ಯಾಂಕಿನಲ್ಲಿಟ್ಟ ಗಂಟಿಗಾದರೂ ಬಡ್ಡಿ ಸೇರುತ್ತದೆ. ಸಿಲಿಂಡರಿನ ಗೋಡೆಗೆ ಸೇರುವುದು ಮಸಿಯೊಂದೇ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಮರುದಿನ ನಾನು ಹುಡುಗನೊಡನೆ ಯಶವಂತಪುರಕ್ಕೆ ಹೋದೆನು. ಅಂಗಡಿ ಚಿಕ್ಕದು, ಒಳಗೆ ಹೆಜ್ಜೆಯಿಟ್ಟರೆ ಕಾಲಿಗೆ ಕಬ್ಬಿಣದ ಸುರುಳಿಗಳು, ಮೂಗಿಗೆ ಕಟಿಂಗ್ ಆಯಿಲಿನ ವಾಸನೆ. ಲೇತಿನ ಮೈಮೇಲೆ ಎಚ್‌.ಎಂ.ಟಿ. ಎಂಬ ಅಕ್ಷರಗಳು ಬಣ್ಣ ಸವೆದು ನುಣ್ಣಗಾಗಿ ಉಳಿದಿದ್ದವು. 1953ರಲ್ಲಿ ಜಾಲಹಳ್ಳಿಯಲ್ಲಿ ಆರಂಭವಾದ ಆ ಕಾರ್ಖಾನೆ ಕೂಗಳತೆಯ ದೂರದಲ್ಲಿ ಇಲ್ಲದಿದ್ದರೆ ಈ ಬೀದಿಯ ಜನರ ಕೈಗೆ ನೂರರಲ್ಲೊಂದು ಮಿಲಿಮೀಟರಿನ ಮರ್ಯಾದೆ ಇಷ್ಟು ಚೆನ್ನಾಗಿ ತಿಳಿದಿರುತ್ತಿತ್ತೋ ಇಲ್ಲವೋ. ಅಂಗಡಿಯ ಯಜಮಾನರು ಅರುವತ್ತು ದಾಟಿದವರು. ಬ್ಲಾಕು ಬಾಗಿಲ ಬಳಿಯ ಬೆಂಚಿನ ಮೇಲೆ ಬಿಸಿಲಿನಲ್ಲಿದ್ದುದನ್ನು ಕಂಡು, ‘ಬಿಸಿ ಆರಲಿ, ಇಲ್ದಿದ್ರೆ ಗೇಜು ಸುಳ್ಳು ಹೇಳುತ್ತೆ’ ಎಂದು ಅದನ್ನು ನೆರಳಿಗೆ ಎಳೆಸಿ, ನಮಗೆ ಟೀ ತರಿಸಿದರು. ಅರ್ಧ ಗಂಟೆಯಾದ ಮೇಲೆ ಸೀಮೆಎಣ್ಣೆಯ ಬಟ್ಟೆಯಿಂದ ಸಿಲಿಂಡರುಗಳನ್ನು ಒರಸಿ, ಮೊದಲು ಬರಿಯ ತೋರುಬೆರಳನ್ನು ಒಳಗಿಟ್ಟು ಮೇಲಿನ ಅಂಚಿನ ಕೆಳಗೆ ಉಗುರನ್ನು ಎಳೆದರು. ಉಗುರು ತಡೆಯಿತು. ಪಿಸ್ಟನ್ನಿನ ಮೇಲಿನ ರಿಂಗು ತನ್ನ ಪಯಣದ ತುದಿಯಲ್ಲಿ ನಿಂತು ಹಿಂದಿರುಗುವ ಸ್ಥಳ ಅದು. ಸವೆತ ಅತ್ಯಧಿಕವಾಗಿ ಕಾಣುವುದೂ ಅಲ್ಲಿಯೇ.

ಅನಂತರ ಬೋರ್ ಗೇಜನ್ನು ಮೈಕ್ರೊಮೀಟರಿನಲ್ಲಿ 74ಕ್ಕೆ ಸರಿಪಡಿಸಿಕೊಂಡು ಒಳಗಿಳಿಸಿ, ತೊಟ್ಟಿಲನ್ನು ತೂಗುವಂತೆ ಹಿಂದಕ್ಕೂ ಮುಂದಕ್ಕೂ ಮೆಲ್ಲನೆ ತೂಗಿದರು. ಡಯಲಿನ ಮುಳ್ಳು ಒಂದೆಡೆಗೆ ಹೋಗಿ, ನಿಂತು, ಹಿಂದಿರುಗುವ ಬಿಂದುವನ್ನು ಕನ್ನಡಕದ ಮೇಲಿನಿಂದ ನೋಡಿ ಓದಿದರು. ಮೇಲೆ, ನಡುವೆ, ಕೆಳಗೆ, ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ, ಹೀಗೆ ಒಂದು ಸಿಲಿಂಡರಿಗೆ ಆರು ಅಳತೆಗಳು, ನಾಲ್ಕಕ್ಕೆ ಇಪ್ಪತ್ತನಾಲ್ಕು. ಎಲ್ಲವನ್ನೂ ಬಿಸ್ಕತ್ತಿನ ಡಬ್ಬದ ರಟ್ಟಿನ ಹಿಂಬದಿಯಲ್ಲಿ ಬರೆದರು. ಅತ್ಯಂತ ಸವೆದಿದ್ದ ಎರಡನೆಯ ಸಿಲಿಂಡರಿನ ಮೇಲ್ತುದಿಯಲ್ಲಿ ಪಿಸ್ಟನ್ನು ಒತ್ತುವ ದಿಕ್ಕಿಗೆ 74.09, ಅದಕ್ಕೆ ಅಡ್ಡವಾಗಿ 74.05, ತಳದಲ್ಲಿ ಎರಡೂ ಕಡೆ 74.02. ರಟ್ಟನ್ನು ಹುಡುಗನ ಕೈಗೆ ಕೊಟ್ಟು, ‘ಕಾಲು ಹಾಕಿದ್ರೆ ಗುಂಡಾಗುತ್ತೆ, ಟೇಪರೂ ಹೋಗುತ್ತೆ. ನೀವು ಒಂದು ಅಂತೀರಿ. ಮಿಕ್ಕ ಮುಕ್ಕಾಲು ಯಾರಿಗೆ ದಾನ?’ ಎಂದರು. ‘ಕಾಲು’ ಎಂದರೆ 0.25 ಮಿಲಿಮೀಟರು, ಹಳೆಯ ಭಾಷೆಯಲ್ಲಿ ಹತ್ತು ಥೌ, ಎಂದರೆ ಇಂಚಿನ ಸಾವಿರದಲ್ಲಿ ಹತ್ತು ಪಾಲು; ‘ಟೇಪರು’ ಎಂದರೆ ಮೇಲಿನ ವ್ಯಾಸಕ್ಕೂ ಕೆಳಗಿನ ವ್ಯಾಸಕ್ಕೂ ಇರುವ ವ್ಯತ್ಯಾಸ. ಹೆಚ್ಚು ಕೊರೆದರೆ ಅವರಿಗೆ ಹೆಚ್ಚು ಕೂಲಿ ದೊರೆಯುತ್ತಿತ್ತೆಂಬುದನ್ನು ಇಲ್ಲಿ ಬರೆಯದಿದ್ದರೆ ಅನ್ಯಾಯವಾದೀತು.

ಪ್ರತಿಪಕ್ಷದ ಮಾತಿನಲ್ಲಿ ಸತ್ಯಾಂಶವೇ ಇಲ್ಲವೆಂದು ನಾನು ಹೇಳಲಾರೆ. ಟರ್ಬೊಗೆ ತಕ್ಕ, ಎರಕ ಹೊಯ್ಯದೆ ಒತ್ತಿ ಬಡಿದು ಮಾಡಿದ ಫೋರ್ಜ್ಡ್ ಪಿಸ್ಟನ್ನುಗಳು ಕೆಲವು ಎಂಜಿನ್ನುಗಳಿಗೆ ಓವರ್‌ಸೈಜಿನಲ್ಲಿ ಮಾತ್ರ ಸಿಗುತ್ತವೆ. ಆಗ ಪಿಸ್ಟನ್ನು ಹೇಳಿದಂತೆ ಸಿಲಿಂಡರು ಕೇಳಬೇಕು. ದಪ್ಪಗೋಡೆಯ ಹಳೆಯ ಕಬ್ಬಿಣದ ಬ್ಲಾಕುಗಳು ಒಂದು ಮಿಲಿಮೀಟರನ್ನು ನಿರಾಯಾಸವಾಗಿ ಬಿಟ್ಟುಕೊಡುವುದೂ ಉಂಟು. ಆದರೆ ಅಲ್ಲಿಯೂ ಎರಕ ಹೊಯ್ಯುವಾಗ ಅಚ್ಚು ಸರಿದು ಗೋಡೆ ಒಂದು ಪಕ್ಕ ದಪ್ಪ, ಇನ್ನೊಂದು ಪಕ್ಕ ತೆಳು ಆಗಿರಬಹುದಾದ್ದರಿಂದ, ಅಲ್ಟ್ರಾಸಾನಿಕ್ ಗೇಜಿನಿಂದ ದಪ್ಪವನ್ನು ಅಳೆಯದೆ ಕೊರೆಯುವುದು ಕಣ್ಣುಮುಚ್ಚಿಕೊಂಡು ಕೆರೆಗಿಳಿದ ಹಾಗೆ.

ಇನ್ನು ದೊಡ್ಡವರು ಏನು ಮಾಡಿದರೆಂದು ನೋಡೋಣ. 1983ರಲ್ಲಿ ಬ್ರೆಜಿಲಿನ ನೆಲ್ಸನ್ ಪಿಕೆ ಫಾರ್ಮುಲಾ ಒನ್ ಪಂದ್ಯಗಳ ಚಾಲಕ ಪ್ರಶಸ್ತಿಯನ್ನು ಗೆದ್ದದ್ದು ಬಿ.ಎಂ.ಡಬ್ಲ್ಯು. ಕಂಪನಿಯ ಒಂದೂವರೆ ಲೀಟರಿನ ಟರ್ಬೊ ಎಂಜಿನ್ನಿನಿಂದ. ಟರ್ಬೊ ಎಂಜಿನ್ನೊಂದಕ್ಕೆ ಆ ಗೌರವ ದೊರೆತದ್ದು ಅದೇ ಮೊದಲು. ಆ ಎಂಜಿನ್ನಿನ ಬ್ಲಾಕು, ಜನಸಾಮಾನ್ಯರು ಆಫೀಸಿಗೆ ಹೋಗಿಬರುತ್ತಿದ್ದ ಕಾರುಗಳಲ್ಲಿದ್ದ ಎರಕದ ಕಬ್ಬಿಣದ ಬ್ಲಾಕಿನ ವಂಶದ್ದೇ. ಹೊಸ ಎರಕದಲ್ಲಿ ಅಡಗಿರುವ ಸೆಳೆತ ಕಾದು ತಣಿದು ಕಳೆಯಬೇಕೆಂದು, ಸಾವಿರಾರು ಕಿಲೋಮೀಟರು ಓಡಿ ಹದವಾದ ಹಳೆಯ ಬ್ಲಾಕುಗಳನ್ನೇ ಅವರು ಆರಿಸಿಕೊಂಡರೆಂದು ಹೇಳುತ್ತಾರೆ. ಎರಡು ಲೀಟರಿನ ಬೀದಿಯ ಕಾರಿನಲ್ಲಿ ಸಿಲಿಂಡರಿನ ವ್ಯಾಸ 89 ಮಿಲಿಮೀಟರು. ಪಂದ್ಯದ ಎಂಜಿನ್ನಿನಲ್ಲಿ 89.2. ಗಾತ್ರವನ್ನು ನಿಯಮಕ್ಕೆ ಹೊಂದಿಸಲು ಅವರು ಪಿಸ್ಟನ್ನಿನ ನಡಿಗೆಯನ್ನು 80ರಿಂದ 60 ಮಿಲಿಮೀಟರಿಗೆ ಇಳಿಸಿದರು. ನೂರಾರು ಕುದುರೆಗಳ ಬಲವನ್ನು ಬೇಡಿದವರು ಸಿಲಿಂಡರಿನ ಗೋಡೆಯಿಂದ ಕಿತ್ತದ್ದು ಒಂದು ಮಿಲಿಮೀಟರಿನ ಹತ್ತರಲ್ಲೊಂದು ಪಾಲು. ಇದನ್ನು ಹೇಳಿದಾಗ ನಮ್ಮ ಹುಡುಗ ಮೊದಲ ಬಾರಿಗೆ ಫೋನನ್ನು ಜೇಬಿನಲ್ಲಿಟ್ಟುಕೊಂಡ.

ಯಲಹಂಕದ ಸುತ್ತಲಿನ ಎಂಜಿನಿಯರಿಂಗ್ ಕಾಲೇಜುಗಳ ಹುಡುಗರಿಗೆ ಇದೇ ಪಾಠ ಇನ್ನೊಂದು ದಾರಿಯಿಂದ ಪರಿಚಿತವಿರಬೇಕು. ವಿದ್ಯಾರ್ಥಿಗಳೇ ಪಂದ್ಯದ ಕಾರನ್ನು ಕಟ್ಟುವ ‘ಫಾರ್ಮುಲಾ ಸ್ಟೂಡೆಂಟ್’ ಸ್ಪರ್ಧೆಗಳಲ್ಲಿ ಎಂಜಿನ್ನು 710 ಸಿ.ಸಿ.ವರೆಗೆ ಇರಬಹುದು, ಆದರೆ ಒಳಹೋಗುವ ಗಾಳಿಯೆಲ್ಲವೂ 20 ಮಿಲಿಮೀಟರು ವ್ಯಾಸದ ಒಂದೇ ಕಂಠದ ಮೂಲಕ ಹಾಯಬೇಕು. ಕಂಠ ಅಷ್ಟಕ್ಕೇ ನಿಂತಿರುವಾಗ ಹೊಟ್ಟೆಯನ್ನು ಹಿಗ್ಗಿಸಿ ಸಾಧಿಸುವುದು ಬಹಳವಿಲ್ಲವೆಂಬುದನ್ನು ಅವರು ಪುಸ್ತಕದಿಂದಲ್ಲ, ಸೋತು ಕಲಿಯುತ್ತಾರೆ. ಆದರೆ ಅದೇ ಹುಡುಗರು ರಜೆಯಲ್ಲಿ ಸ್ವಂತ ಗಾಡಿಯನ್ನು ಬಿಚ್ಚಿದರೆ ಮೊದಲು ಕೇಳುವುದು, ‘ಎಷ್ಟು ಬೋರ್ ಹಾಕ್ಸೋಣ?’

ಕಾನೂನಿನ ಮಾತನ್ನು ಚಿಕ್ಕದಾಗಿಯೇ ಹೇಳಿ ಮುಗಿಸುವೆನು, ಏಕೆಂದರೆ ಅದು ಸ್ಪಷ್ಟವಾಗಿದೆ. ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣದಂತೆ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕನು ನಿಗದಿಮಾಡಿದ ಮೂಲ ವಿವರಗಳಿಗೆ ವ್ಯತಿರಿಕ್ತವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ ಅಥವಾ ಮಾರ್ಪಾಡೊಂದಕ್ಕೆ ಐದು ಸಾವಿರ ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ಆದುದರಿಂದ ಈ ಕಾರು ಕೆ.ಎ. 50ರ ಹಲಗೆ ಹೊತ್ತು ಹೆಬ್ಬಾಳದ ಮೇಲ್ಸೇತುವೆಯಿಳಿದು ಬಳ್ಳಾರಿ ರಸ್ತೆಯಲ್ಲಿ ನಡುರಾತ್ರಿಯ ಮೆರವಣಿಗೆ ಹೊರಡುವುದಕ್ಕೆ ನನ್ನ ಸಮ್ಮತಿಯಿಲ್ಲ. ಅದು ಟ್ರೈಲರಿನ ಮೇಲೆ ಏರಿ ಇರುಂಗಾಟುಕೋಟೆಗೆ ಹೋಗಿ, ಟ್ರೈಲರಿನ ಮೇಲೆಯೇ ಹಿಂದಿರುಗತಕ್ಕದ್ದು; ಟ್ರೈಲರಿನ ಬಾಡಿಗೆಯ ಅರ್ಧವನ್ನು ಕೊಡಲು ಒಪ್ಪಿಕೊಂಡು ನಾನು ಈ ಷರತ್ತನ್ನು ಗೆದ್ದಿದ್ದೇನೆ.

ಸಾರ್ವಜನಿಕವಾಗಿ ಬೇಡಬಹುದಾದ ಸಂಗತಿಯೊಂದಿದೆ. ರಕ್ತ ಪರೀಕ್ಷೆ ಮಾಡಿಸಿಕೊಂಡವನ ಕೈಗೆ ಅಂಕಿಗಳ ಚೀಟಿ ಬರುತ್ತದೆ. ಎಂಜಿನ್ನು ಕೊರೆಸಿಕೊಂಡವನ ಕೈಗೆ ಬರುವುದು ಬಿಲ್ಲು ಮಾತ್ರ. ಕೊರೆಯುವ ಮೊದಲು ಸಿಲಿಂಡರು ಎಷ್ಟಿತ್ತು, ಎಲ್ಲಿ ಎಷ್ಟು ಸವೆದಿತ್ತು, ಕೊರೆದ ಮೇಲೆ ಎಷ್ಟಾಯಿತು ಎಂಬ ಚೀಟಿಯನ್ನು ಪ್ರತಿಯೊಂದು ಅಂಗಡಿಯೂ ಗಿರಾಕಿಗೆ ಕೊಡುವುದೆಂದಾದರೆ, ಬೇಡದ ಬ್ಲಾಕುಗಳು ಮುಟ್ಟದೆ ಉಳಿಯುವುವು. ಒಳ್ಳೆಯ ಕೆಲಸಗಾರನಿಗೂ ಅವಸರದ ಕೆಲಸಗಾರನಿಗೂ ಇರುವ ಭೇದ ಜನಕ್ಕೆ ಕಾಣುವುದು. ಇದಕ್ಕೆ ಸರ್ಕಾರದ ಆಜ್ಞೆಯೇ ಬೇಕೆಂದಿಲ್ಲ. ಬಿಸ್ಕತ್ತು ಡಬ್ಬದ ರಟ್ಟು ಸಾಕು.

ಒಂದು ಮಿಲಿಮೀಟರಿನ ಆಸೆ ಬಿಟ್ಟಿದ್ದರಿಂದ ಹಣವೇನೂ ಉಳಿಯಲಿಲ್ಲ. ಅದು ಬೇರೆಡೆಗೆ ಹೋಯಿತು. ಹೆಡ್ಡಿನ ಬೋಲ್ಟುಗಳನ್ನು ಬಿಗಿದಾಗ ಸಿಲಿಂಡರು ತುಸು ಸೊಟ್ಟಗಾಗುವುದರಿಂದ, ದಪ್ಪ ಕಬ್ಬಿಣದ ಟಾರ್ಕ್ ಪ್ಲೇಟೊಂದನ್ನು ಹೆಡ್ಡಿನಂತೆಯೇ ಬಿಗಿದು ಹೋನಿಂಗ್, ಎಂದರೆ ಗೋಡೆಯ ಕೊನೆಯ ನಯಗೆಲಸ, ಮಾಡಬೇಕೆಂದು ಯಜಮಾನರು ಹಟ ಹಿಡಿದರು. ಈ ಎಂಜಿನ್ನಿಗೆ ಅಂತಹ ಪ್ಲೇಟು ಅವರಲ್ಲಿರಲಿಲ್ಲವಾಗಿ, ಪೀಣ್ಯದಲ್ಲಿ ಮಾಡಿಸಲು ಕೊಟ್ಟಿದ್ದಾರೆ. ಫೋರ್ಜ್ಡ್ ಪಿಸ್ಟನ್ನು ಕಾದಾಗ ಹೆಚ್ಚು ಹಿಗ್ಗುವುದಾದ್ದರಿಂದ ಅದಕ್ಕೂ ಗೋಡೆಗೂ ನಡುವೆ ಎಷ್ಟು ಬಿಡುವಿರಬೇಕೆಂಬುದನ್ನು ಪಿಸ್ಟನ್ನು ಮಾಡಿದವರೇ ಹೇಳಬೇಕು. ಆ ಕಾರಣ ನಾಲ್ಕೂ ಪಿಸ್ಟನ್ನುಗಳು ಬಂದು, ಒಂದೊಂದನ್ನೂ ಮೈಕ್ರೊಮೀಟರಿನಲ್ಲಿ ಅಳೆದು, ಇಂಥದು ಇಂಥ ಸಿಲಿಂಡರಿಗೆ ಎಂದು ಗುರುತು ಹಾಕುವವರೆಗೂ ಯಂತ್ರದ ಗುಂಡಿ ಒತ್ತಲಾರೆನೆಂದು ಅವರು ಹೇಳಿಬಿಟ್ಟರು. ಪಿಸ್ಟನ್ನುಗಳು ಬರಲು ಇನ್ನೂ ಆರು ವಾರವಂತೆ. ಹುಡುಗನ ಮುಖ ಚಿಕ್ಕದಾಯಿತು. ಬ್ಲಾಕಿಗೆ ಒಳಗೂ ಹೊರಗೂ ಎಣ್ಣೆ ಬಳಿದು, ಗೋಣಿತಾಟಿನಲ್ಲಿ ಸುತ್ತಿ, ಬೆಂಚಿನ ಕೆಳಗೆ ತಳ್ಳಿದ್ದಾರೆ; ಹಗ್ಗದ ಗಂಟಿಗೆ ಆ ರಟ್ಟನ್ನೇ ಸಿಕ್ಕಿಸಿದ್ದಾರೆ. ‘1.00’ ಎಂದು ಹುಡುಗ ಅದರಲ್ಲಿ ಮೊದಲು ಬರೆಸಿದ್ದ ಅಂಕಿಯ ಮೇಲೆ ಒಂದು ಗೆರೆ ಎಳೆದು, ಅದರ ಪಕ್ಕದಲ್ಲಿ ಯಜಮಾನರು ‘0.25, ಪಿಸ್ಟನ್ ಬಂದ ಮೇಲೆ’ ಎಂದು ಬರೆದಿದ್ದಾರೆ.